ಮ್ಯಾಗ್ನೆಟ್ ಕಚ್ಚಿದ ಟೈಗರ್

"ಅವಳಿಗೆ ಹೇಳು, ಪಲ್ಯಕ್ಕೆ ಉಪ್ಪಿಲ್ಲ."

ಹೇಳಿದ್ದು ನಮ್ ತಾತ ಜಂಬಣ್ಣ. ವಯಸ್ಸು ಎಂಬತ್ನಾಲ್ಕು. 'ಅವಳು' ಅಂದ್ರೆ ಅಜ್ಜಿ ಶಿವಕ್ಕ. ಅಜ್ಜಿ ಕೂತಿರೋದು ತಾತನಿಂದ ಒಂದೂವರೆ ಅಡಿ ದೂರದಲ್ಲಿ. ಕಿವಿ ಚೆನ್ನಾಗೇ ಕೇಳ್ಸುತ್ತೆ. ಆದ್ರೂ ಮಧ್ಯದಲ್ಲಿ ನಾನು ಬೇಕು.

"ಅಜ್ಜಿ, ಪಲ್ಯಕ್ಕೆ ಉಪ್ಪಿಲ್ವಂತೆ."

"ಉಪ್ಪಿನ ಡಬ್ಬಿ ಅವರ ಮೂಗಿನ ಮುಂದೇ ಐತಿ ಅಂತ ಹೇಳು."

"ತಾತ, ಉಪ್ಪಿನ ಡಬ್ಬಿ..."

"ಕೇಳಿಸ್ತು."

ಹುಟ್ಟಿದಾಗಿಂದ ನೋಡ್ತಿರೋ ಸೀನ್ ಇದು. ಇವರಿಬ್ಬರೂ ನೇರವಾಗಿ ಮಾತಾಡಿದ್ದನ್ನ ನಾನು ನೋಡಿಲ್ಲ, ನಮ್ಮಕ್ಕ ನೋಡಿಲ್ಲ, ಮದ್ವೆಯಾಗಿ ಬಂದ ಅಮ್ಮನೂ ನೋಡಿಲ್ಲ. ಮೊದ್ಲು ಅಪ್ಪ ಡಬ್ಬಿಂಗ್ ಮಾಡ್ತಿದ್ರಂತೆ, ಆಮೇಲೆ ಅಕ್ಕ, ಈಗ ನಾನು. ಗಿರಿರಾಜ್, ಬಿಕಾಂ ಸೆಕೆಂಡ್ ಇಯರ್, ಎರಡು ಪಾತ್ರಕ್ಕೂ ಒಂದೇ ಗಂಟಲು, ಸಂಭಾವನೆ ಸೊನ್ನೆ. ಯಾಕೆ ಮಾತು ಬಿಟ್ರು ಅಂತ ಒಂದ್ಸಲ ಅಮ್ಮನ್ನ ಕೇಳಿದ್ದೆ. "ನಾನು ಬರೋಷ್ಟ್ರಲ್ಲೇ ಬಿಟ್ಟಿದ್ರು, ನೀನು ತಟ್ಟೆ ತೊಳಿ" ಅಂದ್ರು. ಫ್ಲಾಶ್‌ಬ್ಯಾಕ್ ಅಲ್ಲಿಗೇ ಕಟ್.

ಆ ಭಾನುವಾರದ ಊಟಕ್ಕೆ ಉಪ್ಪಷ್ಟೇ ಕಮ್ಮಿ ಇದ್ದಿದ್ದು. ಖಾರನ ಶಿವಾನಿ ಅಕ್ಕ ತಂದ್ಲು.

"ತಾತ, ನಾನು ಕೆಲಸಕ್ಕೆ ರಿಸೈನ್ ಮಾಡಿದೀನಿ."

ಅಕ್ಕ ಫಿಸಿಯೋಥೆರಪಿಸ್ಟ್. ರಾಜರಾಜೇಶ್ವರಿನಗರದಲ್ಲಿ ಯಾರದ್ದೋ ಕ್ಲಿನಿಕ್ಕಲ್ಲಿ ಮೂರು ವರ್ಷದಿಂದ ಊರವರ ಮಂಡಿ ಮಡಚಿ ಬಿಚ್ಚಿ ಮಾಡ್ತಿದ್ಲು.

"ಒಳ್ಳೇದಾಯ್ತು. ಮದ್ವೆ ಮಾಡಣ" ಅಂದ್ರು ತಾತ.

"ಕ್ಲಿನಿಕ್ ಇಡ್ತೀನಿ. ನಂದೇ. ಕೆಳಗಡೆ ಪೋರ್ಷನ್ ನಂಗೆ ಬೇಕು. ದೀಪಾವಳಿ ಕಳೆದ ಸೋಮವಾರ ಓಪನಿಂಗ್. ಇನ್ನು ಆರು ವಾರ ಇದೆ."

ಅಪ್ಪ ರೊಟ್ಟಿ ಮುರಿಯೋದು ನಿಲ್ಸಿದ್ರು. ಅಮ್ಮ ಮಜ್ಜಿಗೆ ಹುಡುಕೋ ನೆಪದಲ್ಲಿ ಅಡುಗೆಮನೆಗೆ ಹೋದ್ರು. ತಾತ ಮಾತ್ರ ಆರಾಮಾಗಿ ನಕ್ಕರು. ನಮ್ ತಾತ ನಕ್ಕರೆ ವಿಲನ್ ಮೀಸೆ ತಿರುವಿದ ಲೆಕ್ಕ.

"ಅಲ್ಲಿ ಗಾಡಿ ಐತಲ್ಲ."

"ಗಾಡಿ ಮೆಟ್ಟಿಲ ಕೆಳಗೆ ಇಡಬಹುದು."

"ಮೆಟ್ಟಿಲ ಕೆಳಗೆ ಪಂಪ್ ಮೋಟಾರ್ ಇಡ್ತಾರೆ. ಹರಿದ ಚಪ್ಪಲಿ ಇಡ್ತಾರೆ. ಟೈಗರ್ ಇಡಲ್ಲ."

ಈಗ ಟೈಗರ್ ಬಗ್ಗೆ ಹೇಳ್ಬೇಕು. ಬಸವೇಶ್ವರನಗರದಲ್ಲಿ ನಮ್ಮದು ಮೂವತ್ತು-ನಲವತ್ತು ಸೈಟು. ಮೇಲೆ ನಾವು ಏಳು ಜನ... ಸಾರಿ, ಆರು ಜನ. ಏಳನೇದು ಕೆಳಗಿರುತ್ತೆ. ಒಂದು ದೊಡ್ಡ ರೂಮು, ಅಟ್ಯಾಚ್ಡ್ ಬಾತ್ರೂಮು, ರೋಡಿಗೇ ಬಾಗಿಲು. ಅಕ್ಕಪಕ್ಕದ ಎಲ್ಲಾ ಮನೆಯವರೂ ಇಂಥ ಪೋರ್ಷನ್ನ ಬಾಡಿಗೆಗೆ ಕೊಟ್ಟಿದಾರೆ, ನಮ್ದ್ರಲ್ಲಿ ೧೯೫೩ರ ಟ್ರಯಂಫ್ ಟೈಗರ್ ಹಂಡ್ರೆಡ್ ಬೈಕ್ ಒಂದು ಬೆಡ್‌ಶೀಟ್ ಹೊದ್ಕೊಂಡು ನಿಂತಿದೆ. ಇಪ್ಪತ್ತು ವರ್ಷದಿಂದ ರೋಡ್ ನೋಡಿಲ್ಲ. ತಿಂಗಳ ಮೊದಲ ಭಾನುವಾರ ಅಪ್ಪ ಹೋಗಿ ಕಿಕ್ ಹೊಡೀಬೇಕು, ತಾತ ಕಣ್ಣು ಮುಚ್ಕೊಂಡು ಸೌಂಡ್ ಕೇಳ್ತಾರೆ, ಐದು ನಿಮಿಷಕ್ಕೆ ಆಫ್. ಅಪ್ಪ ಸರ್ಕಾರಿ ಆಫೀಸಲ್ಲಿ ಸೂಪರಿಂಟೆಂಡೆಂಟ್. ರುದ್ರಮುನಿ ಸಾರ್ ಅಂದ್ರೆ ಅಲ್ಲಿ ನಲವತ್ತು ಜನ ಎದ್ದು ನಿಲ್ತಾರಂತೆ. ಇಲ್ಲಿ ಬನಿಯನ್ ಒದ್ದೆ ಆಗೋವರೆಗೂ ಕಿಕ್ ಹೊಡೀತಾರೆ.

"ಯಾಕೆ ಇಡಲ್ಲ ಅಂತ ಹೇಳ್ಲೇನು?" ಅಂದ್ರು ತಾತ.

"ಬೇಡ ತಾತ, ಬಾಯಿಪಾಠ ಇದೆ" ಅಂದೆ ನಾನು.

ಹೇಳೇ ಹೇಳಿದ್ರು. ಯುದ್ಧಕ್ಕೆ ಮುಂಚೆ ಬ್ರಿಟಿಷರ ಬೈಕ್ ಅಂದ್ರೆ ಹೆಚ್ಚಿನವು ಒಂಟಿ ಸಿಲಿಂಡರ್. ಮೂವತ್ತೇಳರಲ್ಲಿ ಟ್ರಯಂಫ್‌ನೋರು ಐನೂರು ಸಿಸಿನ ಎರಡು ಪಾಲು ಮಾಡಿ, ಎರಡು ಪಿಸ್ಟನ್ ಪಕ್ಕಪಕ್ಕ ಕೂರ್ಸಿ, ಒಟ್ಟಿಗೇ ಮೇಲೆ ಒಟ್ಟಿಗೇ ಕೆಳಗೆ ಓಡ್ಸಿದ್ರು. ಅದು ಸ್ಪೀಡ್ ಟ್ವಿನ್. ಅದನ್ನ ನೋಡಿ ಬಿಎಸ್‌ಎಯವರೂ ನಾರ್ಟನ್‌ನೋರೂ ಟ್ವಿನ್ ಮಾಡಕ್ಕೆ ಬಿದ್ರು. ಅದೇ ಸ್ಪೀಡ್ ಟ್ವಿನ್ನ ಹುರಿಗೊಳಿಸಿ ಟೈಗರ್ ಹಂಡ್ರೆಡ್ ತಂದ್ರು, ಹಂಡ್ರೆಡ್ ಅಂದ್ರೆ ಗಂಟೆಗೆ ನೂರು ಮೈಲಿ.

"ಆಮೇಲೆ ಐವತ್ತೊಂದು" ಅಂತ ತಾತ ಬೆರಳೆತ್ತಿದ್ರು. "ಸ್ಪೀಡ್ ಟ್ವಿನ್ನಿಗೆ ಎರಕದ ಕಬ್ಬಿಣದ ಬ್ಯಾರೆಲ್, ಕಬ್ಬಿಣದ ಹೆಡ್. ಅದು ಆಫೀಸಿಗೆ ಹೋಗೋ ಗುಮಾಸ್ತರಿಗೆ. ಟೈಗರಿಗೆ ಎರಡೂ ಅಲ್ಯೂಮಿನಿಯಂ. ಹಗುರ. ಬೇಗ ತಣ್ಣಗಾಗತೈತಿ. ಅದು ರೇಸಿನೋರಿಗೆ. ಅಲ್ಯೂಮಿನಿಯಂಗೆ ತೇವ ತಾಗಿದ್ರೆ ಬೆಳ್ಳಗೆ ಬೂಸ್ಟಿನಂಗೆ ಹೂ ಏಳತೈತಿ. ಅದಕ್ಕೆ ರೂಮು."

ಬ್ಯಾರೆಲ್ ಅಂದ್ರೆ ಪಿಸ್ಟನ್ ಓಡಾಡೋ ಕೊಳವೆ, ಹೆಡ್ ಅಂದ್ರೆ ಅದರ ಮುಚ್ಚಳ. ಇಷ್ಟು ನಮ್ಮನೇಲಿ ಎಲ್‌ಕೆಜಿಗೇ ಗೊತ್ತಿರುತ್ತೆ.

"ಅಪ್ಪ, ನೀವಾದ್ರೂ ಹೇಳಿ" ಅಂದ್ಲು ಅಕ್ಕ.

ಅಪ್ಪ ತಟ್ಟೆ ನೋಡ್ತಾ ಅಂದ್ರು, "ಅಪ್ಪಾಜಿ ಗಾಡಿ ಅದು. ನೀನು ಬೇರೆ ಕಡೆ ನೋಡು."

"ಬೇರೆ ಕಡೆ ಅಡ್ವಾನ್ಸ್ ನೀವು ಕೊಡ್ತೀರಾ?"

"ನೀನು ಕೇಳ್ಕೊಂಡು ರಿಸೈನ್ ಮಾಡಿದ್ಯಾ?"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ."

"ಮತ್ತೆ?"

ಅಡುಗೆಮನೆಯಿಂದ ಅಮ್ಮನ ಉತ್ತರ ಬಂತು. ಬಾಯಲ್ಲಲ್ಲ, ಕುಕ್ಕರ್ ಮುಚ್ಚಳದಲ್ಲಿ. ಅಮ್ಮ ಕೋಕಿಲಾ ಮೇಡಂ, ಹೈಸ್ಕೂಲ್ ಸೈನ್ಸ್ ಟೀಚರ್. ಮಾವನಿಗೆ ಎದುರು ಮಾತಾಡಲ್ಲ. ಪಾತ್ರೆ ಮಾತಾಡ್ಸ್ತಾರೆ.

*

ಎರಡನೇ ವಾರ ಅಕ್ಕನ ಬೆಡ್ ಬಂತು. ಪೇಷಂಟ್ ಮಲಗಿಸೋದು, ನೀಲಿ ರೆಕ್ಸಿನ್ನು, ಆರೂವರೆ ಅಡಿ ಉದ್ದ. ಆಟೋದವರು ಕೆಳಗಿಳಿಸಿ ಪೋರ್ಷನ್ ಬಾಗಿಲು ತಳ್ಳಿದ್ರು. ಬೀಗ. ಬೀಗದಕೈ ತಾತನ ಸೊಂಟದಲ್ಲಿ. ತಾತ ವಾಕಿಂಗ್ ಹೋಗಿದಾರೆ. ಯಾವತ್ತೂ ಎರಡು ರೌಂಡು ಹೊಡೆಯೋರು ಆವತ್ತು ಆರು ರೌಂಡ್ ಹೊಡೆದ್ರು.

ಬೆಡ್ ಮೇಲೆ ಬಂತು. ಹಾಲಲ್ಲಿ ಟೀಪಾಯಿ ತೆಗೆದು ಅದನ್ನೇ ಹಾಕಿದ್ವಿ. ಸುತ್ತ ಕೂತು ಅದ್ರ ಮೇಲೇ ಊಟ. ಅನ್ನ ಬಡಿಸುವಾಗ ಅಪಘಾತ ಆದವರಿಗೆ ಬಡಿಸಿದಂಗೆ ಫೀಲಿಂಗು.

"ಇದರ ಮೇಲೆ ಸಾರು ಚೆಲ್ಲಿದ್ರೆ ಅಷ್ಟೇ" ಅಂದ್ಲು ಅಕ್ಕ.

ತಾತ ಬೇಕಂತಲೇ ಚೆಲ್ಲಿದ್ರು. ಒಂದು ಸೌಟು ಪೂರ್ತಿ. "ಕೈ ನಡುಗ್ತು" ಅಂದ್ರು. ಎಂಬತ್ನಾಲ್ಕನೇ ವಯಸ್ಸಲ್ಲಿ ಸೂಜಿಗೆ ದಾರ ಪೋಣಿಸೋ ಕೈ ಅದು, ಫ್ಯಾಕ್ಟರಿ ಟೂಲ್ ರೂಮಲ್ಲಿ ಮೂವತ್ತಾರು ವರ್ಷ ಕೂದಲೆಳೆ ಅಳತೆ ಮಾಡಿದ್ದು.

ಅಕ್ಕ ಎದ್ದು ಒರೆಸಿ, ತಾತನ ತಟ್ಟೆ ಎತ್ಕೊಂಡು ಹೋಗಿ ಸಿಂಕ್‌ನಲ್ಲಿ ಹಾಕಿದ್ಲು. "ನಂಗೂ ಕೈ ನಡುಗ್ತು."

"ಅವಳಿಗೆ ಹೇಳು" ಅಂತ ತಾತ ನನ್ನ ಕಡೆ ತಿರುಗಿದ್ರು, "ಮೊಮ್ಮಗಳಿಗೆ ಚೆನ್ನಾಗಿ ಕಲಿಸಿದಾಳೆ ಅಂತ."

"ಅಜ್ಜಿ..."

"ನಾನು ಕಲಿಸಿದ್ದು ಸಾಲದು ಅಂತ ಹೇಳು" ಅಂದ್ರು ಅಜ್ಜಿ, ತಲೆ ಎತ್ತದೇ.

ಅಜ್ಜಿ ಮೇಲೆ ನಂಗೆ ಮೊದಲ ಸಲ ಡೌಟ್ ಬಂದಿದ್ದು ಅವಾಗ. ಸೈಲೆಂಟ್ ಕ್ಯಾರೆಕ್ಟರ್ ಅಂದ್ಕೊಂಡಿದ್ದೆ, ಸೆಕೆಂಡ್ ಹಾಫಲ್ಲಿ ಏನೋ ಇದೆ ಅನ್ನಿಸ್ತು.

ದಸರಾ ಬಂತು. ಆಯುಧಪೂಜೆ ದಿನ ಮನೆ ಸ್ಕೂಟಿಗೆ, ಅಪ್ಪನ ಬೈಕಿಗೆ ಒಂದೊಂದು ಮೊಳ ಹೂವು. ಟೈಗರಿಗೆ ಒಂದು ಮಾರು. ಪೂಜೆ ಹೊತ್ತಲ್ಲಿ ರಾಜಾಜಿನಗರದಿಂದ ಒಬ್ಬ ಅಂಕಲ್ ಬಂದ್ರು, ಹಳೇ ಬೈಕಿನ ಹುಚ್ಚು ಇರೋರು, ಯಾರೋ ಹೇಳಿದ್ರಂತೆ.

"ಸಾರ್, ಐದೇ ನಿಮಿಷ ನೋಡಿ ಹೋಗ್ತೀನಿ. ಅಲಾಯ್ ಎಂಜಿನ್ ಟೈಗರ್ ನಾನು ಫೋಟೋದಲ್ಲಿ ಬಿಟ್ರೆ ನೋಡಿಲ್ಲ."

"ಫೋಟೋದಲ್ಲೇ ನೋಡ್ರಿ" ಅಂತ ತಾತ ಗೇಟ್ ಹಾಕಿದ್ರು.

ಪೂಜೆ ದಿನ ಮನೆಗೆ ಬಂದೋರಿಗೆ ಒಂದು ಹಿಡಿ ಮಂಡಕ್ಕಿನೂ ಕೊಡ್ಲಿಲ್ಲ. ಬೈಕ್ ಗೊತ್ತಿಲ್ಲದ ಹಾಲಿನವರನ್ನ, ಗ್ಯಾಸಿನವರನ್ನ ಕರೆದು ಕರೆದು ತೋರಿಸೋ ಮನುಷ್ಯ, ಗೊತ್ತಿರೋರನ್ನ ಕಂಡ್ರೆ ಗೇಟ್ ಹಾಕ್ತಾರೆ. ನಂಗೆ ಆಗ ಹೊಳೀಲಿಲ್ಲ. ನನ್ನ ಗಮನ ಪೂರ್ತಿ ಇನ್ನೊಂದು ಪ್ಲಾನ್ ಮೇಲಿತ್ತು.

*

ಪ್ಲಾನ್ ಸಿಂಪಲ್. ಅಕ್ಕ ಅಡ್ವಾನ್ಸಾಗಿ ಫ್ರಿಜ್ ಮ್ಯಾಗ್ನೆಟ್ ಪ್ರಿಂಟ್ ಹಾಕ್ಸಿದ್ಲು, ಮುನ್ನೂರು ಪೀಸು. 'ಶಿವಾನಿ ಫಿಸಿಯೋಥೆರಪಿ, ಬಸವೇಶ್ವರನಗರ', ಕೆಳಗೆ ಬಗ್ಗಿದ ಬೆನ್ನಿನ ಚಿತ್ರ, ಫೋನ್ ನಂಬರ್. ಪ್ರತಿ ಮನೆ ಫ್ರಿಜ್ ಮೇಲೆ ತನ್ನ ನಂಬರ್ ಇರ್ಬೇಕು ಅನ್ನೋದು ಅವಳ ಲೆಕ್ಕ. ರೂಮೇ ಇಲ್ಲ, ಮ್ಯಾಗ್ನೆಟ್ ರೆಡಿ.

ತಾತ ಸ್ನಾನಕ್ಕೆ ಹೋದಾಗ ಬೀಗದಕೈ ಗೂಟಕ್ಕೆ ನೇತಾಕ್ತಾರೆ. ಇಪ್ಪತ್ತು ನಿಮಿಷ. ನಾನು ಒಂದು ಬಾಕ್ಸ್ ಮ್ಯಾಗ್ನೆಟ್ ತಗೊಂಡು ಕೆಳಗಿಳಿದೆ. ಬೆಡ್‌ಶೀಟ್ ತೆಗೆದೆ. ಟ್ಯಾಂಕ್ ಮೇಲೆ ಇಪ್ಪತ್ತು, ಮಡ್‌ಗಾರ್ಡ್ ಮೇಲೆ ಇಪ್ಪತ್ತು, ಹೆಡ್‌ಲೈಟ್ ಮೇಲೆ ಎಂಟು. ನೂರು ಮೈಲಿ ಓಡೋ ಹುಲಿ ಮೈಮೇಲೆಲ್ಲಾ ಬೆನ್ನುನೋವಿನ ಅಡ್ವರ್ಟೈಸ್‌ಮೆಂಟು. ಕೈಯಲ್ಲಿ ಇನ್ನೂ ಉಳಿದಿತ್ತು. ಎಂಜಿನ್ ಮೇಲೆ ಸಾಲಾಗಿ ಹಚ್ಚಿದೆ. ಟಕ್, ಟಕ್, ಟಕ್. ಫೋಟೋ ಹೊಡ್ಕೊಂಡು ಮೇಲೆ ಬಂದು ಒಳ್ಳೇ ಹುಡುಗನ ಥರ ಪೇಪರ್ ಓದಕ್ಕೆ ಕೂತೆ.

ಒಂಬತ್ತಕ್ಕೆ ಕೆಳಗಡೆಯಿಂದ ಕೂಗು ಬಂತು. "ಯಾವನಲೇ ಅವನು."

ಸಿಟ್ಟು ಬಂದ್ರೆ ತಾತನ ಹೊಸಪೇಟೆ ನಾಲಿಗೆ ವಾಪಸ್ ಬರುತ್ತೆ. ನಾನು ಓಡಿದೆ, ಅಕ್ಕ ಓಡಿದ್ಲು. ಏಟು ಬೀಳುತ್ತೆ ಅಂತ ಗೊತ್ತಿತ್ತು, ಬಿತ್ತು, ಕೊಡೆಯಲ್ಲಿ. ಅದಲ್ಲ ವಿಷಯ. ತಾತ ಟ್ಯಾಂಕ್ ಮೇಲಿಂದು ಮುಟ್ಲಿಲ್ಲ. ಹೆಡ್‌ಲೈಟ್ ಮೇಲಿಂದು ಮುಟ್ಲಿಲ್ಲ. ಆ ವಯಸ್ಸಿನ ಮಂಡಿ ಇಟ್ಕೊಂಡು ನೆಲಕ್ಕೆ ಕೂತು, ಎಂಜಿನ್ ಮೇಲಿನವನ್ನ ಒಂದೊಂದೇ ಕಿತ್ತು ಜೇಬಿಗೆ ಹಾಕ್ಕೊಂಡ್ರು. ಆಮೇಲೆ ಬೆಡ್‌ಶೀಟ್ ಎಳೆದು ಮುಚ್ಚಿದ್ರು, ಟ್ಯಾಂಕ್ ಮೇಲೆ ಇಪ್ಪತ್ತು ಮ್ಯಾಗ್ನೆಟ್ ಇದ್ದಂಗೇ.

ಮೇಲೆ ಬಂದು ಬೆನ್ನಿಗೆ ಐಸ್ ಇಟ್ಕೊಂಡು ಫೋಟೋ ನೋಡಿದೆ. ಅಕ್ಕಂಗೆ ತೋರ್ಸಿದೆ.

"ಸಾಯ್ಲಿ ಬಿಡೋ, ನಿಂದೊಂದು ಕೋತಿ ಬುದ್ಧಿ. ಮ್ಯಾಗ್ನೆಟ್ ನಂದು ಅರವತ್ತು ಹಾಳಾಯ್ತು" ಅಂದ್ಲು.

"ಅಕ್ಕ. ಎಂಜಿನ್ ನೋಡು."

"ನೋಡ್ದೆ."

"ಬ್ಯಾರೆಲ್ ಮೇಲೆ ಆರು. ಹೆಡ್ ಮೇಲೆ ನಾಲ್ಕು. ನಿಂತಿದೆ."

ಅಕ್ಕ ಫೋನ್ ಕಿತ್ಕೊಂಡು ಜೂಮ್ ಮಾಡಿದ್ಲು. ಆಮೇಲೆ ಅವಳು ನಕ್ಕಿದ್ದು ನೋಡಿ ನಂಗೆ ಗ್ಯಾರಂಟಿ ಆಯ್ತು, ಇವಳು ಆ ತಾತನ ಮೊಮ್ಮಗಳೇ.

*

ಊಟದ ಹೊತ್ತು. ನೀಲಿ ಬೆಡ್ ಸುತ್ತ ಎಲ್ಲರೂ. ಅಕ್ಕ ಮೊಸರು ಕಲಸ್ತಾ ಕೇಳಿದ್ಲು.

"ತಾತ, ಒಂದು ಡೌಟು. ಅಲ್ಯೂಮಿನಿಯಂಗೆ ಮ್ಯಾಗ್ನೆಟ್ ಕಚ್ಚುತ್ತಾ?"

"ಕಚ್ಚಲ್ಲ" ಅಂದ್ರು ಅಮ್ಮ, ಯೋಚನೆ ಮಾಡದೇ. "ಕಬ್ಬಿಣ, ನಿಕ್ಕಲ್, ಕೋಬಾಲ್ಟ್. ಆರನೇ ಕ್ಲಾಸ್ ಪಾಠ ಅದು." ಅಂದ್ಮೇಲೆ ಮಾವನ ಮುಖ ನೋಡಿ ಸೌಟು ಕೆಳಗಿಟ್ರು.

ಅಕ್ಕ ಫೋನ್ ಅಪ್ಪನ ಮುಂದಿಟ್ಲು. ಅಪ್ಪ ಕನ್ನಡಕ ಹಾಕ್ಕೊಂಡ್ರು, ತೆಗೆದ್ರು, ಒರೆಸಿ ಮತ್ತೆ ಹಾಕ್ಕೊಂಡ್ರು.

"ಅಪ್ಪಾಜಿ, ಏನಿದು?"

ತಾತ ಮೊಸರಿಗೆ ಉಪ್ಪು ಹಾಕ್ಕೊಂಡ್ರು.

"ಮೂವತ್ತು ವರ್ಷದಿಂದ ನಾನು ಕಿಕ್ ಹೊಡೀತಿರೋದು ಯಾವ ಎಂಜಿನ್?"

"ಕೆಳಗಿನರ್ಧ ಟೈಗರೇ" ಅಂದ್ರು ತಾತ.

"ಮೇಲಿನರ್ಧ?"

"ಸ್ಪೀಡ್ ಟ್ವಿನ್ನು. ಗುಜರಿಯಿಂದ ತಂದಿದ್ದು. ಸಿಲ್ವರ್ ಪೇಂಟ್ ಹೊಡೆದೀನಿ."

ನಂಗೆ ನಗು ತಡೆಯಕ್ಕಾಗ್ಲಿಲ್ಲ. "ಗುಮಾಸ್ತರ ಗಾಡಿ" ಅಂದೆ. ಅಮ್ಮ ತೊಡೆ ಚಿವುಟಿದ್ರು.

"ಹಂಗಾದ್ರೆ ಅಲ್ಯೂಮಿನಿಯಂ ಎಲ್ಲೋಯ್ತು?" ಅಂದ್ರು ಅಪ್ಪ.

"ಅದನ್ನ ಅವಳನ್ನ ಕೇಳು."

ಎಲ್ಲರೂ ಅಜ್ಜಿ ಕಡೆ ತಿರುಗಿದ್ವಿ. ಅಜ್ಜಿ ಕೊನೇ ತುತ್ತು ನಿಧಾನಕ್ಕೆ ಅಗಿದು ನುಂಗಿ ನೀರು ಕುಡಿದ್ರು.

"ಪಾತ್ರೆಯವಳಿಗೆ ಹಾಕಿದೆ."

"ಯಾವ ಪಾತ್ರೆಯವಳು ಅತ್ತೆ?" ಅಂದ್ರು ಅಮ್ಮ.

"ರಾಜಾಜಿನಗರದಲ್ಲಿ ವಠಾರದ ಮನೇಲಿದ್ವಲ್ಲ, ಅಲ್ಲಿಗೆ ಬರ್ತಿದ್ಲು. ಹಳೇ ಸೀರೆ, ಹಳೇ ಸಾಮಾನು ತಗೊಂಡು ಸ್ಟೀಲ್ ಪಾತ್ರೆ ಕೊಡೋಳು. ಇವರು ಎಂಜಿನ್ ಬಿಚ್ಚಿ ಮಂಚದ ಕೆಳಗಿಟ್ಟಿದ್ರು. ಡ್ಯೂಟಿಗೆ ಹೋದಾಗ ಹೆಡ್ಡೂ ಕೊಟ್ಟೆ, ಬ್ಯಾರೆಲ್ಲೂ ಕೊಟ್ಟೆ. ಜೋಳದ ಹಿಟ್ಟಿಂದು ದೊಡ್ಡ ಡಬ್ಬಿ ಐತಲ್ಲ, ಅದನ್ನ ಕೊಟ್ಲು. ಒಳ್ಳೇ ಡಬ್ಬಿ."

ಆ ಡಬ್ಬಿ ಅಡುಗೆಮನೆ ಬಾಗಿಲಿಂದ ಕಾಣ್ತಿತ್ತು. ನಾನು ಹುಟ್ಟಿದಾಗಿಂದ ತಿಂದ ಒಂದೊಂದು ರೊಟ್ಟಿನೂ ಟೈಗರ್ ಹಂಡ್ರೆಡ್ ಎಂಜಿನ್ನಿಂದ ಬಂದಿದ್ದು.

"ಗೊತ್ತಿಲ್ದೇ ಕೊಟ್ಬಿಟ್ರಾ?" ಅಮ್ಮ ಇನ್ನೂ ಅತ್ತೆಗೆ ದಾರಿ ಮಾಡ್ಕೊಡ್ತಿದ್ರು.

"ಗೊತ್ತಿದ್ದೇ ಕೊಟ್ಟೆ. ರುದ್ರ, ನಿನ್ ಎಡಗೈ ತೆಗಿ."

ಅಪ್ಪನ ಎಡಗೈ ಅಂಗೈಯಲ್ಲಿ ರೇಖೆ ಇಲ್ಲ. ನುಣ್ಣಗೆ, ಬಿಳಿಚ್ಕೊಂಡು, ಮೇಣ ಹಚ್ಚಿದಂಗಿದೆ. ಮೂರು ವರ್ಷದ ಮಗು ಇದ್ದಾಗ ರೊಟ್ಟಿ ಹಂಚಿನ ಮೇಲೆ ಕೈ ಇಟ್ಟಿದ್ದಂತೆ. ಇದು ನಮ್ಮ ನೆಂಟರಿಗೆಲ್ಲಾ ಗೊತ್ತಿರೋ ಕಥೆ. ಯಾವ ಮದ್ವೆಗೆ ಹೋದ್ರೂ ಯಾರಾದ್ರೂ ಒಬ್ಬರು ಅಪ್ಪನ ಕೈ ಹಿಡಿದು, "ಶಿವಕ್ಕ, ಕೂಸಿನ ಮೇಲೆ ಸ್ವಲ್ಪ ಕಣ್ಣಿಡಬಾರದಿತ್ತಾ" ಅಂತಾರೆ. ಅಜ್ಜಿ ಸುಮ್ನೆ ಎಲೆ ಅಡಿಕೆ ಹಾಕ್ಕೊಂತಾರೆ.

"ಅದು ಹಂಚಲ್ಲ" ಅಂದ್ರು ಅಜ್ಜಿ. "ಇವರು ಹೆಡ್ಡಿಗೆ ಏನೋ ಹೊಸ ಕೊಳವೆ ಕೂರಿಸ್ಬೇಕು, ಕಾಯಿಸಿದ್ರೆ ಸಡಿಲ ಆಗತೈತಿ ಅಂತ ನನ್ನ ಇದ್ದಿಲ ಒಲೆ ಮೇಲೆ ಇಟ್ಟು ಕಾಯಿಸಿದ್ರು. ಇಳಿಸಿ ನೆಲದ ಮೇಲಿಟ್ಟು ಬೀಡಿ ಸೇದಕ್ಕೆ ಹೋದ್ರು. ಕಬ್ಬಿಣ ಕಾದ್ರೆ ಕೆಂಪಗಾಗತೈತಿ, ಕೂಸಾದ್ರೂ ಹೆದರತೈತಿ. ಆ ಬಿಳಿ ಲೋಹ ಕಾದ್ರೂ ಬೆಳ್ಳಗೇ ಇರತೈತಿ. ನೀನು ಹೋಗಿ ಕೈ ಇಟ್ಟಿ."

"ಸುಳ್ಳು ಹೇಳ್ಬೇಡ" ಅಂದ್ರು ತಾತ.

ನಾನು ಡಬ್ಬಿಂಗ್‌ಗೆ ಬಾಯಿ ತೆಗೆದೆ. ಆಮೇಲೆ ಗೊತ್ತಾಯ್ತು, ಬೇಕಾಗಿಲ್ಲ. ನೇರವಾಗಿ ಹೇಳಿದ್ರು. ಅಜ್ಜಿ ಮುಖ ನೋಡ್ಕೊಂಡು. ಅಪ್ಪನ ಕೈ ಸುಟ್ಟು ನಲವತ್ತೊಂಬತ್ತು ವರ್ಷ ಆದ್ಮೇಲೆ ಹೆಂಡ್ತಿ ಹತ್ರ ಆಡಿದ ಮೊದಲ ಮಾತು ಅದು.

"ಸುಳ್ಳು ಯಾರ್ದು ಅಂತ ಮ್ಯಾಗ್ನೆಟ್ ಹೇಳ್ತಲ್ಲ" ಅಂದ್ರು ಅಜ್ಜಿ.

"ಹಂಚಿಂದೇ ಸುಟ್ಟಿದ್ದು."

"ವಠಾರದ ತುಂಬಾ ಹಂಗೇ ಹೇಳಿದ್ರಿ. ಟೂಲ್ ರೂಮಿನ ಫಿಟ್ಟರ್ ಹೇಳಿದ ಮೇಲೆ ಒಲೆ ಮುಂದಿನವಳ ಮಾತು ಯಾರು ಕೇಳ್ತಾರೆ?"

ಅಪ್ಪ ಅಂಗೈ ಮುಚ್ಕೊಂಡ್ರು. "ಅವ್ವ, ನೀನು ನಂಗ್ಯಾಕೆ ಹೇಳಿಲ್ಲ?"

"ನೀನು ಯಾವತ್ತು ಕೇಳಿದಿ? ಪ್ರತಿ ತಿಂಗಳು ಹೋಗಿ ಅದಕ್ಕೇ ಕಿಕ್ ಹೊಡ್ಕೊಂಡು ಬರ್ತಿದ್ದಿ."

ಅಪ್ಪ ಎದ್ದೋದ್ರು. ತಟ್ಟೆಯಲ್ಲಿ ಅನ್ನ ಹಂಗೇ ಇತ್ತು. ಗೆದ್ದಿದ್ದು ನಾವು ಅಂದ್ಕೊಂಡು ಅಕ್ಕ ನನ್ನ ಕಡೆ ನೋಡಿದ್ಲು. ಇಂಟರ್ವಲ್ಲಿಗೇ ಶುಭಂ ಅಂದ್ಕೊಂಡ ಹಂಗೆ.

*

ಆ ತಿಂಗಳ ಮೊದಲ ಭಾನುವಾರ ಅಪ್ಪ ಕಿಕ್ ಹೊಡೆಯಕ್ಕೆ ಹೋಗ್ಲಿಲ್ಲ. ತಾತ ಬೆಳಿಗ್ಗೆ ಏಳರಿಂದ ಕೆಳಗೆ ಸ್ಟೂಲ್ ಹಾಕ್ಕೊಂಡು ಕಾದ್ರು. ಅಪ್ಪ ಮೇಲೆ ಬಾಲ್ಕನಿಯಲ್ಲಿ ನಿಂತು ತುಳಸಿಗೆ ನೀರು ಹಾಕಿದ್ರು, ಹತ್ತು ನಿಮಿಷ, ಕುಂಡ ತುಂಬಿ ನೀರು ಕೆಳಗಿನ ಸ್ಟೂಲ್ ಪಕ್ಕ ಬೀಳೋವರೆಗೂ.

ಮನೆ ಊಟದ ಟೈಮ್ ಚೂರಾಯ್ತು. ಅಪ್ಪ ಆಫೀಸ್ ಕ್ಯಾಂಟೀನಲ್ಲಿ ತಿಂದು ಬರೋರು. ತಾತನಿಗೆ ಅಜ್ಜಿ ಬಡಿಸೋದು ಬಿಟ್ರು, ಅಮ್ಮ ಬಡಿಸಿದ್ರೆ ತಾತ "ಬೇಡ" ಅನ್ನೋರು, ಆಮೇಲೆ ತಾವೇ ಹಾಕ್ಕೊಂಡು ನಿಂತ್ಕೊಂಡೇ ತಿನ್ನೋರು. ಅಮ್ಮನಿಗೆ ಪಾತ್ರೆ ಸದ್ದು ಸಾಲದೇ ಕೊನೆಗೆ ಬಾಯಿ ಬಂತು.

"ಇಪ್ಪತ್ತೇಳು ವರ್ಷ ಈ ಮನೆಗೆ ಮೂರು ಥರ ಅಡುಗೆ ಮಾಡಿದೀನಿ ಮಾವ. ನಾಲ್ಕನೇದು ಮಾಡಲ್ಲ. ಎಲ್ಲರೂ ಒಂದೇ ಹೊತ್ತಿಗೆ ಕೂತ್ಕೊಳ್ಳಿ, ಇಲ್ಲಾಂದ್ರೆ ನಾಳೆಯಿಂದ ಗ್ಯಾಸ್ ಹಚ್ಚಲ್ಲ."

ಹಂಗಾಗಿ ದೀಪಾವಳಿಗೆ ಹಿಂದಿನ ಭಾನುವಾರ ಎಲ್ಲರೂ ಕೂತ್ರು. ಹೋಳಿಗೆ ಇತ್ತು. ಯಾರೂ ಯಾರ ಮುಖನೂ ನೋಡ್ತಿರಲಿಲ್ಲ. ಅಕ್ಕ ಬೋರ್ಡ್ ಬರೆಸಿ ಸೋಫಾ ಹಿಂದೆ ಇಟ್ಟಿದ್ಲು. ತಾತ ಬೀಗದಕೈ ಇನ್ನೂ ಬಿಟ್ಟಿರಲಿಲ್ಲ. ಕಬ್ಬಿಣ ಆದ್ರೇನು, ಗಾಡಿ ನಂದು, ಮನೆ ನಂದು ಅಂತ ನಿಂತಿದ್ರು.

ಅಪ್ಪ ಬಾಯಿ ಬಿಟ್ರು. ಆಫೀಸಲ್ಲಿ ಆರ್ಡರ್ ಓದೋ ದನಿ.

"ಅಪ್ಪಾಜಿ. ಗಾಡಿ ಅಲ್ಲೇ ಇರ್ಲಿ."

ಅಕ್ಕನ ಕೈಯಲ್ಲಿ ಹೋಳಿಗೆ ನಿಂತೋಯ್ತು.

"ಆ ಪೋರ್ಷನ್ ನಿಮ್ದೇ. ನೀವಿರೋವರೆಗೂ ಯಾರೂ ಮುಟ್ಟಲ್ಲ, ಶಿವಾನಿನೂ ಮುಟ್ಟಲ್ಲ. ನಾನು ಮತ್ತೆ ಪ್ರತಿ ತಿಂಗಳು ಕಿಕ್ ಹೊಡೀತೀನಿ. ನಂಗೆ ಒಂದು ಮಾತು ಹೇಳಿ ಸಾಕು. ಸುಟ್ಟಿದ್ದು ಹಂಚಲ್ಲ, ನಿಮ್ಮ ಹೆಡ್ಡು ಅಂತ. ಅವ್ವನ ಮುಂದೆ ಹೇಳಿ."

"ಒಂದ್ನಿಮಿಷ" ಅಂದ್ಲು ಅಕ್ಕ. "ಅದು ನನ್ ರೂಮು."

"ನೀನು ಸುಮ್ನಿರು."

"ಏನ್ ಸುಮ್ನಿರೋದು? ಕೆಲಸ ಬಿಟ್ಟಾಯ್ತು, ಬೆಡ್ ಬಂದಾಯ್ತು, ಮೂವತ್ತು ಪೇಷಂಟಿಗೆ ಫೋನ್ ಮಾಡಾಯ್ತು. ನಿಮಗೆ ತಾತನ ಬಾಯಲ್ಲಿ ಒಂದು ತಪ್ಪಾಯ್ತು ಬೇಕು ಅಂತ ನನ್ ಕ್ಲಿನಿಕ್ಕನ್ನ ಕಾಣಿಕೆ ಹಾಕ್ತೀರಾ?"

"ಐವತ್ತು ವರ್ಷ ಕಣೇ. ಐವತ್ತು ವರ್ಷ ನಾನು ಅವ್ವಂದೇ ತಪ್ಪು ಅಂದ್ಕೊಂಡಿದ್ದೆ."

"ಅದು ನಿಮ್ಮ ತಪ್ಪು. ನನ್ ರೂಮಿಂದಲ್ಲ."

"ರುದ್ರ" ಅಂದ್ರು ಅಜ್ಜಿ, "ನಂಗೆ ಆ ಮಾತು ಬೇಡ. ಕೂಸಿಗೆ ರೂಮು ಕೊಡು."

"ನಂಗೆ ಬೇಕು ಅವ್ವ."

ಎಲ್ಲರೂ ತಾತನ ಕಡೆ ನೋಡಿದ್ವಿ. ನಾನು ಮನಸ್ಸಲ್ಲೇ ಅಕ್ಕನ ಕ್ಲಿನಿಕ್ಕಿನ ಫೋಟೋಗೆ ಹಾರ ಹಾಕ್ಬಿಟ್ಟೆ. ಇಷ್ಟು ಸುಲಭದ ಆಫರ್ ಯಾರು ಬಿಡ್ತಾರೆ? ನಾಲ್ಕು ಪದ. ಹೇಳಿದ್ರೆ ಗಾಡಿ, ರೂಮು, ಕಿಕ್ ಹೊಡೆಯೋ ಮಗ, ಮೂರೂ ಫ್ರೀ.

ತಾತ ಹೋಳಿಗೆ ಪೂರ್ತಿ ತಿಂದ್ರು. ತಟ್ಟೆಯಲ್ಲೇ ಕೈ ತೊಳೆದ್ರು. ಪಂಚೆಗೆ ಒರೆಸ್ಕೊಂಡು, ಸೊಂಟದಿಂದ ಬೀಗದಕೈ ಬಿಚ್ಚಿ, ನೀಲಿ ಬೆಡ್ ಮೇಲೆ, ತುಪ್ಪದ ಬಟ್ಟಲ ಪಕ್ಕ ಇಟ್ರು. ಯಾರ ಕೈಗೂ ಕೊಡ್ಲಿಲ್ಲ. ಎದ್ದು ಹೋದ್ರು.

ಅಪ್ಪ ಆ ಬೀಗದಕೈನೇ ನೋಡ್ತಾ ಕೂತ್ರು. ಅಕ್ಕ ಎತ್ಕೊಂಡ್ಲು.

*

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ತಾತ ನನ್ನ ಕಾಲು ಅಲ್ಲಾಡ್ಸಿ ಎಬ್ಬಿಸಿದ್ರು. "ಬಾರಲೇ."

ಇಬ್ಬರೂ ಗಾಡಿ ತಳ್ಳಿದ್ವಿ. ನೂರೈವತ್ತು ಕೇಜಿ ಮೇಲೆ. ಹೊಸಿಲು ಹತ್ರ ಮುಂದಿನ ಚಕ್ರ ಸಿಕ್ಕಾಕ್ಕೊಂಡು, ತಾತ ಹ್ಯಾಂಡಲ್ ಮೇಲೆ ಬಗ್ಗಿ ಉಸಿರು ಬಿಡ್ತಾ ನಿಂತ್ರು. ಅಪ್ಪ ಮೆಟ್ಟಿಲಿಳಿದು ಬಂದು ಹಿಂದಿನ ಸೀಟಿಗೆ ಕೈ ಹಾಕಿದ್ರು.

"ಕೈ ತೆಗಿ" ಅಂದ್ರು ತಾತ.

"ನಿಮ್ ಕೈಲಿ ಆಗಲ್ಲ ಅಪ್ಪಾಜಿ."

"ಕೈ ತೆಗಿ ಅಂದೆ."

ಅಪ್ಪ ತೆಗೆದ್ರು. ಅಲ್ಲೇ ನಿಂತು ನೋಡಿದ್ರು. ಹತ್ತು ನಿಮಿಷ ಹಿಡೀತು. ನನ್ನ ಭುಜ ಕಳಚಿ ಬಂತು, ಅಕ್ಕನ ಮೊದಲ ಪೇಷಂಟ್ ನಾನೇ ಆಗ್ತೀನಿ ಅಂದ್ಕೊಂಡೆ. ಕೊನೆಗೂ ಮೆಟ್ಟಿಲ ಕೆಳಗೆ, ಪಂಪ್ ಮೋಟಾರ್ ಪಕ್ಕ, ಟೈಗರ್ ಕುತ್ತಿಗೆ ಓರೆ ಮಾಡ್ಕೊಂಡು ನಿಂತ್ಕೊಂತು. ಬೆಡ್‌ಶೀಟ್ ತರಕ್ಕೆ ಹೋದೆ. ಅಕ್ಕ ಅದನ್ನ ಅಷ್ಟ್ರಲ್ಲಿ ನೆಲ ಒರೆಸಕ್ಕೆ ಹಾಕಿದ್ಲು.

ಹೇಳಿದ ಸೋಮವಾರನೇ ಓಪನಿಂಗ್ ಆಯ್ತು. ನಮ್ಮಮ್ಮ ರಜ ಹಾಕಿ ರಿಬ್ಬನ್ ಕಟ್ಟಿದ್ರು. ಅಜ್ಜಿ ಒಳಗೆ ಹೋಗಿ ನಾಲ್ಕೂ ಗೋಡೆ ನೋಡ್ಕೊಂಡು ಬಂದ್ರು. ಅಪ್ಪ ಆಫೀಸಿಗೆ ಬೇಗ ಹೋಗ್ಬೇಕು ಅಂದ್ರು, ಹೋದ್ರು. ತಾತ ಬರ್ಲಿಲ್ಲ. ಅಪ್ಪ-ತಾತ ಈಗ ಮಾತಾಡಲ್ಲ. "ಅಪ್ಪಾಜಿಗೆ ಬಿಪಿ ಮಾತ್ರೆ ತಗೋಳಕ್ಕೆ ಹೇಳು", "ತಗೊಂಡೆ ಅಂತ ಹೇಳು". ಡಬ್ಬಿಂಗ್ ಆರ್ಟಿಸ್ಟಿಗೆ ಕೆಲಸ ಡಬಲ್.

ಡಿಸೆಂಬರಲ್ಲಿ ಒಂದು ಮಧ್ಯಾಹ್ನ ಕಾಲೇಜಿಂದ ಬಂದೆ. ಕ್ಲಿನಿಕ್ ಹೊರಗೆ ಮೂರು ಜೊತೆ ಚಪ್ಪಲಿ. ಒಳಗಡೆ ಯಾರೋ ಆಂಟಿ "ಅಯ್ಯೋ ಮೆಲ್ಲಗೆ ಕಣಮ್ಮಾ" ಅಂತಿದ್ರು. ತಾತ ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕೂತು ಬ್ಯಾರೆಲ್ ಮೇಲಿನ ತುಕ್ಕನ್ನ ಮರಳು ಕಾಗದದಲ್ಲಿ ಉಜ್ತಿದ್ರು. ಸಿಲ್ವರ್ ಪೇಂಟ್ ಅರ್ಧ ಉದುರಿತ್ತು, ಒಳಗಿನ ಕಪ್ಪು ಕಾಣ್ತಿತ್ತು.

ನಾನೂ ಪಕ್ಕದಲ್ಲಿ ಕೂತೆ. "ತಾತ, ಒಂದು ಮಾತು ಹೇಳಿದ್ರೆ ರೂಮು ನಿಮ್ದೇ ಆಗ್ತಿತ್ತು."

"ಯಾವ ಮಾತು?"

"ಅದೇ. ಹಂಚಲ್ಲ ಅಂತ."

ತಾತ ಉಜ್ಜೋದು ನಿಲ್ಲಿಸಿ ತಲೆ ಎತ್ತಿದ್ರು. ಮೇಲೆ ಅಡುಗೆಮನೆ ಕಿಟಕಿ ತೆಗೆದಿತ್ತು. ಅಜ್ಜಿ ರೊಟ್ಟಿ ತಟ್ಟೋ ಸದ್ದು, ಪಟ ಪಟ ಪಟ, ಕೆಳಗಿನವರೆಗೂ ಬರ್ತಿತ್ತು.

"ಹಂಚೇ ಕಣಲೇ" ಅಂದ್ರು ತಾತ, ಕಿಟಕಿಗೆ ಕೇಳೋ ಹಂಗೆ.

ಮೇಲೆ ಸದ್ದು ನಿಂತೋಯ್ತು. ತಾತ ಮರಳು ಕಾಗದ ಕೈಯಲ್ಲಿಟ್ಕೊಂಡು ಕಾದ್ರು.

ಪಟ, ಪಟ, ಪಟ. ಮತ್ತೆ ಶುರುವಾಯ್ತು, ಮೊದಲಿಗಿಂತ ಜೋರಾಗಿ.